ಹೊರಗೋಡೆ ತೊಳೆಯುವ ಕೆಮಿಕಲ್: ಕಲಬುರಗಿಯ ಅಂಗಡಿಗಳಲ್ಲಿ ಸಿಗುವುದರಲ್ಲಿ ಯಾವುದು ತರಬೇಕು, ಯಾವುದು ಬೇಡ

"ಅಣ್ಣಾ, ಹೊರಗಿನ ಗ್ವಾಡಿ ಕರ್ರಗ ಆಗ್ಯಾದ, ತೊಳಿಲಕ್ಕ ಏನರೆ ಕೊಡ್ರಿ" ಎಂದು ಕಲಬುರಗಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ನೋಡಿ. ಬಹಳ ಸಲ ಕೌಂಟರಿನ ಕೆಳಗಿನಿಂದ ಮೇಲೆ ಬರುವುದು ಆಸಿಡ್ ಬಾಟಲಿ. "ಇದು ಹೊಡಿರಿ, ಒಮ್ಮಿಗೇ ಸಫಾ ಆಗ್ತದ." ಸಫಾ ಆಗುವುದು ನಿಜ, ಯಾಕೆಂದರೆ ಕೊಳೆ ಹಿಡಿದಿದ್ದ ಗಿಲಾವಿನ (ಪ್ಲಾಸ್ಟರಿನ) ಮೇಲ್ಪದರವೇ ಕರಗಿ ಹೋಗಿರುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ಗೋಡೆ ಮೊದಲಿಗಿಂತ ಹೆಚ್ಚು ಕಪ್ಪಾಗುತ್ತದೆ. ಆಗ ಮತ್ತೊಂದು ಬಾಟಲಿ.

ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಗೋಡೆ ಕಪ್ಪಾದದ್ದು ಯಾವುದರಿಂದ? ಪಾಚಿಯೋ, ಬೂಷ್ಟೋ, ಹೊಗೆಯೋ, ಎರೆಮಣ್ಣಿನ ರಾಡಿಯೋ, ಉಪ್ಪೋ? ಉತ್ತರ ಗೊತ್ತಾದರೆ ಅರ್ಧ ಖರೀದಿ ಮುಗಿದಂತೆ. ಎಷ್ಟೋ ಸಲ ಖರೀದಿಯೇ ಬೇಕಾಗುವುದಿಲ್ಲ. ಇಲ್ಲಿ ಹೇಳುತ್ತಿರುವುದು 1:4 ಅಥವಾ 1:6ರ (ಸಿಮೆಂಟ್ ಒಂದು ಪಾಲು, ಮರಳು ನಾಲ್ಕು ಇಲ್ಲವೇ ಆರು ಪಾಲು) ಸಿಮೆಂಟ್ ಮಾಲಿನ ಗಿಲಾವು ಮಾಡಿ, ಮೇಲೆ ಎಮಲ್ಷನ್ ಇಲ್ಲವೇ ಸಿಮೆಂಟ್ ಪೇಂಟ್ ಬಳಿದ, ಅಥವಾ ಬಣ್ಣವಿಲ್ಲದೆ ಹಾಗೇ ಬಿಟ್ಟ ಹೊರಗೋಡೆಗಳ ಬಗ್ಗೆ. ಹಳೆಯ ಗಚ್ಚಿನ (ಸುಣ್ಣದ ಗಾರೆಯ) ಗೋಡೆಯ ಮಾತು ಬೇರೆ, ಕೊನೆಗೆ ಬರುತ್ತದೆ.

ಕಲೆ ಯಾವುದೆಂದು ಗುರುತಿಸುವುದಕ್ಕೆ ಬೇಕಾಗುವುದು ಒಂದು ಚಮಚ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರವ), ಒಂದು ಉಂಡೆ ಹತ್ತಿ. ಹೈಪೋವನ್ನು ಒಂಬತ್ತು ಪಾಲು ನೀರಿಗೆ ಬೆರೆಸಿ, ಹತ್ತಿಯಲ್ಲಿ ಅದ್ದಿ, ಗೋಡೆಯ ಕಪ್ಪು ಜಾಗಕ್ಕೆ ಒತ್ತಿ ಹತ್ತು ನಿಮಿಷ ಬಿಡಿ. ಆ ಜಾಗ ಬೆಳ್ಳಗೆ ತಿರುಗಿದರೆ ಅದು ಪಾಚಿ ಅಥವಾ ಬೂಷ್ಟು, ಅಂದರೆ ಜೀವವಿರುವ ಕೊಳೆ. ಏನೂ ಆಗದಿದ್ದರೆ ಧೂಳು ಅಥವಾ ಹೊಗೆಯ ಮಸಿ. ಅದಕ್ಕೆ ಎಷ್ಟು ಕ್ಲೋರಿನ್ ಸುರಿದರೂ ಪ್ರಯೋಜನವಿಲ್ಲ. ಬಿಳಿ ಪುಡಿಯಂತೆ ಎದ್ದು, ನೀರು ಹಾಕಿದರೆ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಾಣಿಸಿಕೊಂಡರೆ ಅದು ಉಪ್ಪು, ನಮ್ಮ ಮಾತಿನಲ್ಲಿ ಚೌಳು. ಕಿಟಕಿ ಸರಳಿನ ಕೆಳಗೆ ಕಂದು ಗೀರು ಇಳಿದಿದ್ದರೆ ಕಬ್ಬಿಣದ ತುಕ್ಕು. ಬೂದು ಬಣ್ಣದ ಗಟ್ಟಿ ಚಕ್ಕೆಗಳು ಗೋಡೆಗೆ ಅಂಟಿ ಅಂಚು ಮಾತ್ರ ಸ್ವಲ್ಪ ಎದ್ದಿದ್ದರೆ ಅದು ಕಲ್ಲುಹೂ. ಮಸಾಲೆಗೆ ಹಾಕುವ ದಗಡಫೂಲ್‌ನ ಬಳಗದ್ದೇ, ಆದರೆ ಸಾರಿಗೆ ಬರುವಂಥದ್ದಲ್ಲ.

ನಮ್ಮ ಕಲಬುರಗಿ, ಬೀದರ್ ಕಡೆ ಬಹುಪಾಲು ಗೋಡೆಗಳ ತೊಂದರೆ ಧೂಳು ಮತ್ತು ಉಪ್ಪು. ಪಾಚಿ ಬೆಳೆಯಲು ತೇವ ಬೇಕು. ಏಪ್ರಿಲ್–ಮೇ ತಿಂಗಳ ಬಿಸಿಲಲ್ಲಿ ಅದು ಒಣಗಿ ಕಪ್ಪು ಪೊರೆಯಾಗಿ ಬಿದ್ದಿರುತ್ತದೆ, ಜುಲೈಯಲ್ಲಿ ಮತ್ತೆ ಹಸಿರಾಗುತ್ತದೆ. ಹಾಗಾಗಿ ಉತ್ತರದ ಗೋಡೆ, ಛಜ್ಜಾದ ಕೆಳಗಿನ ಪಟ್ಟಿ, ಮಾಳಿಗೆಯ ಟ್ಯಾಂಕ್ ತುಂಬಿ ಹರಿಯುವ ಜಾಗ, ಏರ್ ಕೂಲರ್ ಇಟ್ಟ ಕಿಟಕಿಯ ಕೆಳಭಾಗ, ಇಷ್ಟು ಕಡೆ ಮಾತ್ರ ಪಾಚಿಯನ್ನು ಹುಡುಕಿ. ಉಳಿದ ಗೋಡೆಗೆ ಸಾಬೂನು ನೀರು ಸಾಕು.

ಸಾಬೂನು ನೀರು

ಇದಕ್ಕೇ ಮೊದಲ ಸ್ಥಾನ. ಪಾತ್ರೆ ತೊಳೆಯುವ ದ್ರವ 50 ಮಿ.ಲೀ., ನೀರು 10 ಲೀಟರ್, ಮೆತ್ತನೆಯ ನೈಲಾನ್ ಬ್ರಷ್. ಹೊಗೆ ಮಸಿ, ರಸ್ತೆ ಧೂಳು, ಎರೆಮಣ್ಣಿನ ರಾಡಿ, ಬೀದರ್ ಕಡೆಯ ಕೆಂಪು ಮಣ್ಣು, ಎಲ್ಲಕ್ಕೂ ಇದೇ. ಕೆಂಪು ಮಣ್ಣಿಗೆ ಬ್ಲೀಚ್ ಹಾಕುವವರಿದ್ದಾರೆ. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಆಗಲೇ ಆಕ್ಸಿಜನ್ ಸೇರಿ ಮುಗಿದ ವಸ್ತುವಿಗೆ ಬ್ಲೀಚ್ ಇನ್ನೇನು ಮಾಡೀತು?

ಇಲ್ಲಿ ಆಗುವ ತಪ್ಪು ಕೆಮಿಕಲ್‌ನದಲ್ಲ, ಅವಸರದ್ದು. ಗೋಡೆಯ ಕೆಳಗಿನ ಎರಡು ಅಡಿಗೆ ಮಳೆಯಲ್ಲಿ ಸಿಡಿದ ಎರೆಮಣ್ಣನ್ನು ಹಸಿ ಇರುವಾಗಲೇ ಉಜ್ಜಿದರೆ ಆ ನುಣ್ಣನೆ ಜೇಡಿ ಗಿಲಾವಿನ ರಂಧ್ರದೊಳಗೆ ಕೂತುಬಿಡುತ್ತದೆ. ಪೂರ್ತಿ ಒಣಗಲು ಬಿಡಿ. ಒಣ ಬ್ರಷ್‌ನಿಂದ ಕೊಡವಿ. ಮುಕ್ಕಾಲು ಪಾಲು ಉದುರಿ ಹೋಗುತ್ತದೆ. ಆಮೇಲೆ ಸಾಬೂನು. ಎಣ್ಣೆ ಜಿಡ್ಡಿನ ಹೊಗೆ (ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಕೆಳಗೆ) ಇದ್ದರೆ ಮಾತ್ರ ಬಕೆಟ್ಟಿಗೆ 100 ಗ್ರಾಂ ವಾಷಿಂಗ್ ಸೋಡಾ ಸೇರಿಸಬಹುದು, ಆದರೆ ಚೆನ್ನಾಗಿ ತೊಳೆಯಬೇಕು. ಉಳಿದ ಸೋಡಾ ಒಣಗಿ ತಾನೇ ಬಿಳಿ ಚೌಳಾಗಿ ಕಾಣಿಸುತ್ತದೆ. ಕಾಸ್ಟಿಕ್ ಸೋಡಾ ಮಾತ್ರ ಬೇಡವೇ ಬೇಡ. ಬಣ್ಣ ಕಿತ್ತು ಬರುತ್ತದೆ, ಚರ್ಮ ಸುಡುತ್ತದೆ, ಗೋಡೆಯಲ್ಲಿ ಉಪ್ಪು ಉಳಿಯುತ್ತದೆ.

ಸಿಮೆಂಟ್ ಕಾರ್ಖಾನೆಗಳ ಸೀಮೆಯಾದ ವಾಡಿ, ಸೇಡಂ, ಮಳಖೇಡ, ಶಹಾಬಾದ್ ಆಸುಪಾಸಿನ ಮನೆಗಳಿಗೆ ಒಂದು ಪ್ರತ್ಯೇಕ ಮಾತು. ಅಲ್ಲಿ ಗೋಡೆ ಮೇಲೆ ಕೂರುವ ಧೂಳಿನಲ್ಲಿ ಸಿಮೆಂಟಿನ ಅಂಶ ಸೇರಿದ್ದರೆ ಇಬ್ಬನಿ, ತುಂತುರು ಮಳೆ ಬಿದ್ದಾಗ ಅದು ಗಟ್ಟಿಯಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಲು ಹೋದರೆ ನೀವೇ ತೆಳ್ಳಗೆ ಗಿಲಾವು ಬಳಿದ ಹಾಗೆ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ, ಒಣ ಬ್ರಷ್ ಹೊಡೆಯುವುದೇ ಇದಕ್ಕೆ ಮದ್ದು. ಗಟ್ಟಿಯಾಗಿ ಹೋದ ಪೊರೆಗೆ ಆಸಿಡ್ ಹುಡುಕಬೇಡಿ. ಸಿಮೆಂಟನ್ನು ಕರಗಿಸುವ ಆಸಿಡ್‌ಗೆ ಮೇಲಿನ ಸಿಮೆಂಟ್ ಯಾವುದು, ಗಿಲಾವಿನ ಸಿಮೆಂಟ್ ಯಾವುದು ಎಂಬ ಭೇದ ತಿಳಿಯದು. ಬಿಗಿಯಾಗಿ ಕೂತಿದ್ದರೆ ಪ್ರೈಮರ್ ಹೊಡೆದು ಅದರ ಮೇಲೇ ಬಣ್ಣ ಬಳಿಯಬಹುದು.

ಹೈಪೋ: ಡಬ್ಬದ ಮೇಲಿನ ತಾರೀಖು ನೋಡಿ ಕೊಳ್ಳಿ

ಸೋಡಿಯಂ ಹೈಪೋಕ್ಲೋರೈಟ್ ದ್ರವವನ್ನು 2020ರ ಕೋವಿಡ್ ಕಾಲದಿಂದ ಎಲ್ಲರೂ ಹೈಪೋ ಎಂದೇ ಕರೆಯುತ್ತಾರೆ. ಕೆಮಿಕಲ್ ಅಂಗಡಿಯ ದೊಡ್ಡ ಕ್ಯಾನ್‌ನಲ್ಲಿ ತಾಜಾ ಮಾಲು 10–12% ಕ್ಲೋರಿನ್ ಬಲದ್ದು. ಮನೆಬಳಕೆಯ ಬಾಟಲಿಗಳಲ್ಲಿ ಸಾಮಾನ್ಯವಾಗಿ 4–6%. ಪಾಚಿ ಮತ್ತು ಬೂಷ್ಟಿನ ಬಣ್ಣವನ್ನು ಅರ್ಧ ಗಂಟೆಯೊಳಗೆ ತೆಗೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಗೋಡೆಗೆ 1% ಸಾಕು: 10% ಬಲದ ಹೈಪೋ 1 ಲೀಟರ್, ನೀರು 9 ಲೀಟರ್. ದಟ್ಟ ಕಪ್ಪು ಬೂಷ್ಟಿಗೆ ಮಾತ್ರ 2%, ಅಂದರೆ 2 ಲೀಟರ್ ಹೈಪೋಗೆ 8 ಲೀಟರ್ ನೀರು. ಒರಟು ಗಿಲಾವು ಹೆಚ್ಚು ಕುಡಿಯುತ್ತದೆ. 20 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಬೆರೆಸಿದ ದ್ರಾವಣ 4–5 ಲೀಟರ್ ಲೆಕ್ಕ ಹಿಡಿಯಿರಿ. ನುಣ್ಣನೆಯ ಎಮಲ್ಷನ್ ಗೋಡೆಗೆ 3 ಲೀಟರ್ ಆದೀತು.

ಈ ಲೆಕ್ಕವೆಲ್ಲ ಕೆಡುವುದು ನಮ್ಮ ಊರಿನ ಬಿಸಿಲಿಗೆ. ಹೈಪೋ ಇಟ್ಟಲ್ಲೇ ಬಲ ಕಳೆದುಕೊಳ್ಳುವ ವಸ್ತು. ಉಷ್ಣತೆ 10 ಡಿಗ್ರಿ ಏರಿದರೆ ಅದು ಒಡೆಯುವ ವೇಗ ಸುಮಾರು ಮೂರು ಪಟ್ಟಾಗುತ್ತದೆ. ಬೆಳಕು ತಾಗಿದರೆ ಇನ್ನೂ ಬೇಗ. ಹೊರಗೆ 43 ಡಿಗ್ರಿ ಇರುವಾಗ ಅಂಗಡಿ ಮುಂದಿನ ಕಟ್ಟೆಯ ಮೇಲೆ ಎರಡು ತಿಂಗಳು ಕೂತ ಬಿಳಿ ಕ್ಯಾನ್‌ನಲ್ಲಿ ಉಳಿದಿರುವುದು ಬಹುಪಾಲು ಉಪ್ಪುನೀರು. ಬೇಸಿಗೆಯಲ್ಲಿ ತಯಾರಾಗಿ ತಿಂಗಳು ದಾಟಿದ ಕ್ಯಾನ್ ಕೊಳ್ಳಬೇಡಿ. ತಾರೀಖಿಲ್ಲದ ಕ್ಯಾನ್ ಎಷ್ಟು ಅಗ್ಗವಾದರೂ ತುಟ್ಟಿಯೇ. ಅಂಗಡಿಯ ಒಳಗೆ, ನೆರಳಲ್ಲಿ, ನೀಲಿ ಅಥವಾ ಕಪ್ಪು ಕ್ಯಾನ್‌ನಲ್ಲಿ ಇಟ್ಟಿರುವವರ ಹತ್ತಿರ ಕೊಳ್ಳಿ. ಮನೆಗೆ ತಂದ ಮೇಲೆ ಗೋಡೆಯ ಪಾಚಿ ಮೇಲೆ 1% ಬಳಿದು ನೋಡಿ. 15 ನಿಮಿಷದಲ್ಲಿ ಹಸಿರು ತಿಳಿಯಾಗದಿದ್ದರೆ ಮಾಲು ಸತ್ತಿದೆ. ಪ್ರಮಾಣ ಎರಡರಷ್ಟು ಮಾಡಿ, ಇಲ್ಲವೇ ವಾಪಸ್ ಕೊಡಿ.

ಬಳಿಯುವ ಕ್ರಮದಲ್ಲೂ ಒಂದು ಗುಟ್ಟಿದೆ. ಗೋಡೆಗೆ ಮೊದಲು ಬರೀ ನೀರು ಹಾಕಿ ತೇವ ಮಾಡಿ. ದ್ರಾವಣವನ್ನು ಕೆಳಗಿನಿಂದ ಮೇಲಕ್ಕೆ ಬಳಿಯಿರಿ, ತೊಳೆಯುವಾಗ ಮೇಲಿನಿಂದ ಕೆಳಕ್ಕೆ. ಮೇಲಿನಿಂದ ಬಳಿದರೆ ಒಣ ಗೋಡೆಯ ಮೇಲೆ ಇಳಿಯುವ ಹನಿಗಳು ಬಿಳಿ ಗೀರು ಬಿಡುತ್ತವೆ, ಆ ಗೀರು ಆಮೇಲೆ ಹೋಗುವುದು ಕಷ್ಟ. 10–20 ನಿಮಿಷ ತೇವವಾಗಿಯೇ ಇರಬೇಕು. ಹಾಗಾಗಿ ಬೆಳಿಗ್ಗೆ 9ರೊಳಗೆ ಅಥವಾ ಸಂಜೆ 5ರ ಮೇಲೆ, ಗೋಡೆಗೆ ನೆರಳಿರುವಾಗ ಮಾಡಿ. ಮಧ್ಯಾಹ್ನದ ಬಿಸಿಗೋಡೆಗೆ ಬಳಿದರೆ ಎರಡು ನಿಮಿಷಕ್ಕೆ ಒಣಗುತ್ತದೆ, ಕೆಲಸ ಆಗುವುದಿಲ್ಲ, ಉಪ್ಪು ಮಾತ್ರ ಉಳಿಯುತ್ತದೆ. ಹೈಪೋದಲ್ಲಿ ಅಡುಗೆ ಉಪ್ಪೂ ಇರುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಚೆನ್ನಾಗಿ ತೊಳೆಯದ ಗೋಡೆ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಮೇಲೆ ಹೊಡೆದ ಹೊಸ ಬಣ್ಣ ಗುಳ್ಳೆ ಏಳುತ್ತದೆ.

ಕೊರತೆಗಳೂ ಇವೆ. ಕೆಂಪು, ನೀಲಿಯಂಥ ಗಾಢ ಬಣ್ಣ ಮಾಸಬಹುದು. ಆದ್ದರಿಂದ ಮರೆಯ ಜಾಗದಲ್ಲಿ ಒಂದಡಿ ಚೌಕ ಬಳಿದು ಒಂದು ದಿನ ಕಾಯಿರಿ. ಅಲ್ಯೂಮಿನಿಯಂ ಕಿಟಕಿ, ಕಬ್ಬಿಣದ ಗ್ರಿಲ್ ತಿನ್ನುತ್ತದೆ. ಪ್ಲಾಸ್ಟಿಕ್ ಹಾಳೆ ಕಟ್ಟಿ, ಸಿಡಿದರೆ ಕೂಡಲೇ ತೊಳೆಯಿರಿ. ಕಂಪೌಂಡಿಗೆ ತಾಗಿ ತುಳಸಿ ಕಟ್ಟೆ ಇರುವ ಮನೆಗಳಲ್ಲಿ ಗಿಡಕ್ಕೂ ಮಣ್ಣಿಗೂ ಮೊದಲು ಧಾರಾಳ ನೀರು ಹಾಕಿ, ಹಾಳೆ ಮುಚ್ಚಿ, ಕೆಲಸ ಮುಗಿದ ಮೇಲೆ ಮತ್ತೆ ನೀರು ಹಾಕಿ. ಸಂಪಿನ ಮುಚ್ಚಳದ ಸುತ್ತ ಒದ್ದೆ ಗೋಣಿ ಸುತ್ತಿ. ಪಾಚಿಯ ಬಣ್ಣ ಹೋಯಿತೆಂದರೆ ಬೇರೂ ಹೋಯಿತು ಎಂದಲ್ಲ. ಒಳಗೆ ಉಳಿದದ್ದು ಮುಂದಿನ ಮಳೆಗೆ ಮತ್ತೆ ಚಿಗುರಬಹುದು. ಕಲ್ಲುಹೂವಿಗಂತೂ ಹೈಪೋ ಬಿಳಿ ಬಣ್ಣ ಬಳಿದಂತೆ, ಬುಡ ಗಟ್ಟಿಯಾಗಿಯೇ ಇರುತ್ತದೆ.

ಗುಟ್ಕಾ, ಎಲೆಅಡಿಕೆ ಉಗುಳಿದ ಕಂಪೌಂಡು ಗೋಡೆಗೆ ಏನು ಮಾಡುವುದೆಂದು ಕೇಳುವವರು ಬಹಳ. ಆ ಕೆಂಪು ಕಾಚಿನ ಟ್ಯಾನಿನ್‌ನದು. 2% ಹೈಪೋ ಅದನ್ನು ತಿಳಿಯಾಗಿಸುತ್ತದೆ, ಆದರೆ ಬಣ್ಣವಿಲ್ಲದ ಗಿಲಾವಿನೊಳಕ್ಕೆ ಇಳಿದ ಕಲೆ ಪೂರ್ತಿ ಹೋಗುವುದನ್ನು ನಿರೀಕ್ಷಿಸಬೇಡಿ. ತೊಳೆದ ಮೇಲೆ ಅಲ್ಲಿಗೆ ಎನಾಮಲ್ ಪಟ್ಟಿ ಹೊಡೆದರೆ ಮುಂದಿನ ಸಲ ಒರೆಸಿದರೆ ಸಾಕು.

ಬ್ಲೀಚಿಂಗ್ ಪೌಡರ್ ಮತ್ತು ಅದರ ಬಿಳಿ ಗೀರು

ಅಗ್ಗ, ಎಲ್ಲೆಡೆ ಸಿಗುತ್ತದೆ, ಮೂಟೆ ಒಡೆಯುವ ತನಕ ಬಲವೂ ಸುಮಾರಾಗಿ ನಿಲ್ಲುತ್ತದೆ. ಒಳ್ಳೆಯ ಪೌಡರಿನಲ್ಲಿ 30–35% ಕ್ಲೋರಿನ್. 10 ಲೀಟರ್ ನೀರಿಗೆ 300–350 ಗ್ರಾಂ ಹಾಕಿದರೆ 1% ಆಗುತ್ತದೆ. ಚೀಟಿ ಪೊಟ್ಟಣದಲ್ಲಿ ಕಟ್ಟಿ ಕೊಡುವ ಬಿಡಿ ಪೌಡರ್ ಮುದ್ದೆಯಾಗಿದ್ದರೆ, ಮೂಗಿಗೆ ಗಾಟು ಹೊಡೆಯದಿದ್ದರೆ, ಅದರಲ್ಲಿ ಸುಣ್ಣ ಬಿಟ್ಟು ಹೆಚ್ಚೇನಿಲ್ಲ.

ತೊಂದರೆ ಆ ಸುಣ್ಣದ್ದೇ. ಪೌಡರನ್ನು ಬಕೆಟ್ಟಿಗೆ ಸುರಿದು, ಕಲಕಿ, ಹಾಗೇ ಗೋಡೆಗೆ ಎರಚಿದರೆ ಕರಗದ ಸುಣ್ಣ ಗಿಲಾವಿನ ಮೇಲೆ ಕೂರುತ್ತದೆ. ಎರಡು ದಿನದ ಮೇಲೆ ಗೋಡೆ ತುಂಬ ಬಿಳಿ ಗೀರುಗಳು. ನೋಡಿದವರು "ಚೌಳು ಎದ್ದದ" ಎನ್ನುತ್ತಾರೆ. ಚೌಳಿಗೆ ಯಾರೋ ಆಸಿಡ್ ಹೇಳುತ್ತಾರೆ. ಗೋಡೆಯಲ್ಲಿ ಇನ್ನೂ ಉಳಿದಿರುವ ಬ್ಲೀಚ್ ಮೇಲೆ ಆಸಿಡ್ ಬಿದ್ದ ಕ್ಷಣ ಹಳದಿ ಹಸಿರು ಬಣ್ಣದ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಭಾರ. ಏಣಿ ಮೇಲಿರುವವನಿಗಿಂತ ಮೊದಲು ಕೆಳಗೆ ಏಣಿ ಹಿಡಿದು ನಿಂತವನ ಎದೆಗೆ ಹೊಡೆಯುತ್ತದೆ. ಓಣಿಯಂಥ ಸಂದಿಯಲ್ಲಿ, ಎರಡು ಮನೆಗಳ ನಡುವಿನ ಮೂರಡಿ ಜಾಗದಲ್ಲಿ, ಓಡಿಹೋಗಲು ದಾರಿಯೂ ಇರುವುದಿಲ್ಲ. ಒಂದು ಕಲಕುವಿಕೆಯ ಸೋಮಾರಿತನ ಇಷ್ಟು ದೂರ ಕರೆದೊಯ್ಯಬಲ್ಲದು.

ಸರಿಯಾದ ವಿಧಾನ ಹೀಗೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪೌಡರಿಗೆ ಸ್ವಲ್ಪ ನೀರು ಹಾಕಿ ಕೋಲಿನಿಂದ ದೋಸೆಹಿಟ್ಟಿನ ಹದಕ್ಕೆ ಕಲಸಿ. ಉಳಿದ ನೀರು ಸೇರಿಸಿ, ಮುಚ್ಚಿ, ನೆರಳಲ್ಲಿ ಎರಡು ಗಂಟೆ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಮೆಲ್ಲಗೆ ಬೇರೆ ಬಕೆಟ್ಟಿಗೆ ಬಗ್ಗಿಸಿ, ಹಳೆ ಪಂಚೆಯಲ್ಲಿ ಸೋಸಿ. ಅಂದೇ ಬಳಸಿ. ತಳದ ಗಸಿ ಚರಂಡಿ ಪಾಲು. ಕಬ್ಬಿಣದ ಬಕೆಟ್ ಬೇಡ. ಇಷ್ಟು ತಾಳ್ಮೆ ಇದ್ದರೆ ಹೈಪೋಗೆ ಸರಿಸಮ. ಇಲ್ಲದಿದ್ದರೆ ಹೈಪೋಗೇ ದುಡ್ಡು ಕೊಡುವುದು ವಾಸಿ.

ಬಿಕೆಸಿ: ನಿಧಾನ, ಆದರೆ ಬೇರು ಕೀಳುತ್ತದೆ

ಬೆಂಜಾಲ್ಕೋನಿಯಂ ಕ್ಲೋರೈಡ್ ಎಂದರೆ ಹಾರ್ಡ್‌ವೇರ್ ಅಂಗಡಿಯವರಿಗೆ ಗೊತ್ತಾಗದಿರಬಹುದು. ಆಸ್ಪತ್ರೆಗೆ, ಕೋಳಿ ಫಾರಂಗಳಿಗೆ ಸೋಂಕುನಾಶಕ ಕೊಡುವವರ ಹತ್ತಿರ ಬಿಕೆಸಿ ಎಂದು ಕೇಳಿ. 50% ಮತ್ತು 80% ಬಲದಲ್ಲಿ ಬರುತ್ತದೆ. ಪಾಚಿ ಮತ್ತು ಕಲ್ಲುಹೂವಿಗೆ ನಮ್ಮ ಮೊದಲ ಆಯ್ಕೆ ಇದು. ಬ್ಲೀಚಿನ ಗುಣ ಇದಕ್ಕಿಲ್ಲ, ಬಣ್ಣ ಮಾಸುವ ಭಯ ಕಡಿಮೆ, ಗಿಲಾವಿನ ಸಿಮೆಂಟನ್ನು ತಿನ್ನುವುದಿಲ್ಲ, ಗೋಡೆಯಲ್ಲಿ ಉಳಿದು ಕೆಲವು ತಿಂಗಳು ಹೊಸ ಪಾಚಿಯನ್ನೂ ತಡೆಯುತ್ತದೆ.

10 ಲೀಟರ್ ನೀರು ಮೊದಲು, ಬಿಕೆಸಿ ಆಮೇಲೆ. ತಿರುವುಮುರುವಾದರೆ ಬಕೆಟ್ ತುಂಬ ನೊರೆ. 50% ಬಲದ್ದಾದರೆ 200 ಮಿ.ಲೀ., 80% ಆದರೆ 125 ಮಿ.ಲೀ. ಹಾಕಿದರೆ 1% ಆಗುತ್ತದೆ. ದಪ್ಪ ಕಲ್ಲುಹೂವಿಗೆ ಒಂದೂವರೆ ಪಟ್ಟು ಮಾಡಿಕೊಳ್ಳಿ. ಗೋಡೆ ಒಣಗಿರಬೇಕು, ಮುಂದಿನ ಎರಡು ದಿನ ಮಳೆ ಇರಬಾರದು. ಮಳೆಗಾಲ ಮುಗಿದು ಪಾಚಿ ಇನ್ನೂ ಹಸಿರಾಗಿರುವ ಅಕ್ಟೋಬರ್ ಇದಕ್ಕೆ ಹೇಳಿ ಮಾಡಿಸಿದ ತಿಂಗಳು. ಬಳಿದು, ತೊಳೆಯದೆ ಬಿಟ್ಟುಬಿಡಿ. ಪಾಚಿ ಒಂದೆರಡು ವಾರದಲ್ಲಿ ಕಂದಾಗಿ ಉದುರುತ್ತದೆ. ಕಲ್ಲುಹೂ ಸಡಿಲಾಗಲು ತಿಂಗಳುಗಳೇ ಬೇಕು. ಆಮೇಲೆ ಒಣ ಬ್ರಷ್ ಸಾಕು.

ಬಿಕೆಸಿ ಕೆಲಸ ಮಾಡಲಿಲ್ಲ ಎಂಬ ದೂರಿಗೆ ಹೆಚ್ಚಾಗಿ ಎರಡೇ ಕಾರಣ. ಮೊದಲನೆಯದು, ಮೂರು ದಿನಕ್ಕೆ ಗೋಡೆ ಬೆಳ್ಳಗಾಗಲಿಲ್ಲ ಎಂದು ಕೈಬಿಡುವುದು. ಎರಡನೆಯದು ಸಾಬೂನು. ಬಟ್ಟೆ, ಪಾತ್ರೆ ತೊಳೆಯುವ ಡಿಟರ್ಜೆಂಟಿನ ವಿದ್ಯುದಂಶ ಬಿಕೆಸಿಯದಕ್ಕೆ ವಿರುದ್ಧ. ಎರಡೂ ಸೇರಿದರೆ ಒಂದನ್ನೊಂದು ಹಿಡಿದು ನಿಷ್ಕ್ರಿಯವಾಗುತ್ತವೆ. "ಸ್ವಲ್ಪ ಸರ್ಫೂ ಹಾಕ್ರಿ, ಚಲೋ ಆಗ್ತದ" ಎನ್ನುವ ಸಲಹೆ ಇಲ್ಲಿ ನಡೆಯುವುದಿಲ್ಲ. ಮೊದಲು ಸಾಬೂನಿನಿಂದ ತೊಳೆದಿದ್ದರೆ ಚೆನ್ನಾಗಿ ಜಾಲಿಸಿ, ಒಣಗಿಸಿ, ಆಮೇಲೆ ಬಿಕೆಸಿ. ಮೀನಿಗೆ ಇದು ವಿಷ. ಬಾವಿ, ಕೆರೆ, ಸಂಪಿನ ಕಡೆ ಹರಿಯಬಾರದು. ಬೆರೆಸದ 50% ದ್ರವ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕವಿಲ್ಲದೆ ಮುಚ್ಚಳ ತೆಗೆಯಬೇಡಿ.

ಮೈಲುತುತ್ತದ ನೀರೂ ಪಾಚಿ ಕೊಲ್ಲುತ್ತದೆ, ತೋಟದವರಿಗೆ ಅದು ಗೊತ್ತು. ಆದರೆ ಗಿಲಾವಿನ ಸುಣ್ಣದ ಜೊತೆ ಸೇರಿ ನೀಲಿಹಸಿರು ಕಲೆ ಬಿಡುತ್ತದೆ. ಪಾಚಿ ಹೋಗಿ ಪಾಚಿ ಬಣ್ಣ ಉಳಿದ ಹಾಗೆ.

ಆಸಿಡ್

ಹೈಡ್ರೋಕ್ಲೋರಿಕ್ ಆಸಿಡ್, ಅಂಗಡಿಯಲ್ಲಿ 30%ರ ಆಸುಪಾಸು. ಒಂದು ಹನಿಯನ್ನು ಗಿಲಾವಿನ ತುಣುಕಿನ ಮೇಲೆ ಹಾಕಿ ಹತ್ತಿರದಿಂದ ನೋಡಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ ನಿಂತು. ಬುಸ್ ಎಂದು ನೊರೆ ಏಳುತ್ತದೆ. ಅದು ಕೊಳೆಯ ನೊರೆಯಲ್ಲ, ಸಿಮೆಂಟಿನ ಸುಣ್ಣ ಕರಗಿ ಹೊರಬೀಳುವ ಕಾರ್ಬನ್ ಡೈಆಕ್ಸೈಡ್. ನೊರೆ ನಿಂತ ಮೇಲೆ ಬೆರಳಿನಿಂದ ಸವರಿದರೆ (ಗ್ಲೌಸ್ ಹಾಕಿ) ಮರಳಿನ ಕಾಳು ಕೈಗೆ ಬರುತ್ತದೆ. ಕಾಳುಗಳನ್ನು ಹಿಡಿದಿದ್ದ ಅಂಟು ಹೋಯಿತು. ಇಂಥ ಒರಟು ಮೈ ಮೇಲೆ ಮುಂದಿನ ವರ್ಷ ಧೂಳೂ ಪಾಚಿಯೂ ಇನ್ನಷ್ಟು ಸುಲಭವಾಗಿ ಕೂರುತ್ತವೆ.

ಗೋಡೆಯೊಳಗೆ ಉಳಿಯುವ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ, ಗೋಡೆ ಮಳೆಯಿಲ್ಲದೆಯೂ ಒದ್ದೆಯಾಗಿ ಕಾಣುತ್ತದೆ. ಕ್ಲೋರೈಡ್ ಒಳಗಿಳಿದು ಛಜ್ಜಾ, ಕಾಲಮ್ಮಿನ ಸರಳು ಮುಟ್ಟಿದರೆ ತುಕ್ಕು ಶುರು. ತುಕ್ಕು ಉಬ್ಬಿ ಕಾಂಕ್ರೀಟ್ ಸಿಪ್ಪೆಯಂತೆ ಬಿಚ್ಚುತ್ತದೆ. ನಮ್ಮ ಮನೆಗಳಲ್ಲಿ ಗೋಡೆಯ ಬುಡಕ್ಕೆ, ಕಟ್ಟೆಗೆ, ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿರುತ್ತದೆ. ಶಹಾಬಾದ್ ಕಲ್ಲು ಸುಣ್ಣಕಲ್ಲು. ಗೋಡೆಯಿಂದ ಇಳಿದ ಆಸಿಡ್ ಬಿದ್ದಲ್ಲೆಲ್ಲ ನುಣುಪು ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ, ಮತ್ತೆ ಪಾಲಿಶ್ ಹೊಡೆಸದೆ ಅದು ಹೋಗುವುದಿಲ್ಲ. ಹೊಗೆಗೆ ಗ್ರಿಲ್ಲು, ಹತ್ತಿರ ನಿಲ್ಲಿಸಿದ ಬೈಕು ತುಕ್ಕು ಹಿಡಿಯುತ್ತವೆ.

2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಪ್ರಕಾರ ಆಸಿಡ್ ಮಾರುವವರು ಕೊಳ್ಳುವವರ ವಿವರ ಬರೆದಿಡಬೇಕು, ಗುರುತಿನ ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಕೊಡುವಂತಿಲ್ಲ. ಕುಡಿಯುವ ನೀರಿನ ಹಳೆ ಬಾಟಲಿಯಲ್ಲಿ ತುಂಬಿ, ಲೇಬಲ್ ಇಲ್ಲದೆ ಕೊಡುವ ಅಂಗಡಿಯಿಂದ ಏನನ್ನೂ ತರಬೇಡಿ, ಬೇರೆ ಸಾಮಾನನ್ನೂ. ಗಿಲಾವಿನ ಗೋಡೆಗೆ ಈ ಆಸಿಡ್‌ಗೆ ನಮ್ಮ ಅಂಕ ಸೊನ್ನೆ.

"ಟೈಲ್ಸ್ ಕ್ಲೀನರ್", "ವಾಲ್ ಕ್ಲೀನರ್" ಎಂಬ ಹೆಸರಿನ ಬಣ್ಣದ ದ್ರವಗಳಲ್ಲೂ ಕೆಲವು ಇದೇ ಆಸಿಡ್, ನೀರು, ಸುಗಂಧ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಕೆಲವು ಆಸಿಡ್, ಇನ್ನು ಕೆಲವು ಹೈಪೋ. ಬಾಟಲಿಯ ಆಕಾರ ಮಾತ್ರ ಒಂದೇ. ಲೇಬಲ್ಲಿನ ಹಿಂದೆ ಏನಿದೆ, ಎಷ್ಟು ಪ್ರತಿಶತ ಇದೆ ಎಂದು ಬರೆದಿರದ ಬಾಟಲಿಯನ್ನು ಅಲ್ಲೇ ಇಟ್ಟು ಬನ್ನಿ. ಕಪ್ಪು ಫಿನಾಯಿಲ್, ಬಿಳಿ ಫಿನಾಯಿಲ್ ಗೋಡೆಗೆ ವಾಸನೆ ಕೊಡುತ್ತವೆ, ಅಷ್ಟೇ.

ಚೌಳಿಗೆ, ತುಕ್ಕಿಗೆ

ಚೌಳು ಕೆಮಿಕಲ್‌ನ ಕೆಲಸವೇ ಅಲ್ಲ, ನೀರಿನ ಕೆಲಸ. ಬುಡದಿಂದ ತೇವ ಏರುತ್ತಿದೆಯೋ, ಪ್ಯಾರಪೆಟ್ ಬಿರುಕಿನಿಂದ ಇಳಿಯುತ್ತಿದೆಯೋ, ಬಾತ್‌ರೂಮಿನ ಪೈಪ್ ಸೋರುತ್ತಿದೆಯೋ ಮೊದಲು ನೋಡಿ. ಅದನ್ನು ನಿಲ್ಲಿಸದೆ ಏನು ಬಳಿದರೂ ಉಪ್ಪು ಮತ್ತೆ ಬರುತ್ತದೆ. ಒಣ ಬ್ರಷ್‌ನಿಂದ ಕೊಡವಿ, ಉದುರಿದ್ದನ್ನು ಗುಡಿಸಿ ದೂರ ಹಾಕಿ. ಅಲ್ಲೇ ನೀರು ಸುರಿದರೆ ಉಪ್ಪು ಕರಗಿ ವಾಪಸ್ ಗೋಡೆ ಸೇರುತ್ತದೆ. ಬೋರ್‌ವೆಲ್ಲಿನ ಗಡುಸು ನೀರಿನಲ್ಲಿ ತೊಳೆದರೂ ಒಣಗಿದ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಕೊನೆಯ ಒಂದು ಬಕೆಟ್ ಮಾತ್ರ ನಳದ ನೀರೋ ಮಳೆನೀರೋ ಆಗಲಿ.

ಕೊಡವಿದರೂ ಹೋಗದ ಗಟ್ಟಿ ಬಿಳಿ ಪಟ್ಟಿಗೆ ಮಾತ್ರ, ಕೊನೆಯ ಉಪಾಯವಾಗಿ, ಸಲ್ಫಾಮಿಕ್ ಆಸಿಡ್ ಪುಡಿ: ಲೀಟರಿಗೆ 50 ಗ್ರಾಂ. ಇದಕ್ಕೆ ಗಾಟು ಹೊಗೆಯಿಲ್ಲ, ಕ್ಲೋರೈಡ್ ಇಲ್ಲ. ಆದರೆ ಆಸಿಡ್ ಆಸಿಡ್ಡೇ. ಗೋಡೆಗೆ ನೀರು ಕುಡಿಸಿ, ಪಟ್ಟಿಯ ಮೇಲಷ್ಟೇ ಬಳಿದು, ಎರಡು ಮೂರು ನಿಮಿಷಕ್ಕೆ ಧಾರಾಳವಾಗಿ ತೊಳೆಯಿರಿ. ಆಮೇಲೆ ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ ಬೆರೆಸಿದ ನೀರು, ಮತ್ತೆ ಬರೀ ನೀರು. ಫರಸಿ ಮೇಲೆ ಬೀಳದಂತೆ ಹಾಳೆ ಹಾಸಿ. ಹಿಂದಿನ ವಾರ ಬ್ಲೀಚ್ ಹಾಕಿದ ಗೋಡೆಯಾದರೆ ಇದನ್ನು ಮುಟ್ಟಬೇಡಿ.

ತುಕ್ಕಿನ ಗೀರಿಗೆ ಆಕ್ಸಾಲಿಕ್ ಆಸಿಡ್, ಮೊಸಾಯಿಕ್ ಪಾಲಿಶ್ ಮಾಡುವವರ ಹತ್ತಿರ ಇರುತ್ತದೆ. ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಕರಗಿಸಿ, ಹತ್ತಿ ಅದ್ದಿ, ಗೀರಿನ ಮೇಲೆ 15–20 ನಿಮಿಷ ಅಂಟಿಸಿ, ತೊಳೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಸುಣ್ಣದ ಜೊತೆ ಸೇರಿ ಬಿಳಿ ಮಬ್ಬು ಕೂರುತ್ತದೆ. ನೋಡಲು ಸಕ್ಕರೆಯಂತಿರುವ ವಿಷ ಇದು. ಅಡುಗೆಮನೆಯ ಹತ್ತಿರ ಇಡಲೇಬಾರದು. ಗ್ರಿಲ್ಲಿನ ಬುಡಕ್ಕೆ ರೆಡ್ ಆಕ್ಸೈಡ್ ಹೊಡೆಯದಿದ್ದರೆ ಮುಂದಿನ ಮಳೆಗೆ ಗೀರು ಮತ್ತೆ ಇಳಿಯುತ್ತದೆ.

ಪಂಪು, ಪ್ರೆಷರ್, ಕೈಗವಸು

ತೊಗರಿಗೆ ಔಷಧಿ ಹೊಡೆಯುವ 16 ಲೀಟರ್ ಪಂಪು ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಅದನ್ನೇ ಗೋಡೆಗೂ ಬಳಸುವ ಆಸೆ ಸಹಜ. ಬೇಡ. ಒಳಗೆ ಉಳಿದ ಕಳೆನಾಶಕದ ಹನಿ ಸಾಕು, ಗೋಡೆ ಬದಿಯ ಗುಲಾಬಿ ಸುಟ್ಟುಹೋಗುತ್ತದೆ. ಹೈಪೋಗೆ ಪಂಪಿನ ಹಿತ್ತಾಳೆ ನಾಜಲ್ಲು ಹಸಿರುಗಟ್ಟಿ, ರಬ್ಬರ್ ವಾಷರ್ ಸಡಿಲಾಗಿ, ತೊಗರಿ ಹೂ ಬಿಡುವ ಹೊತ್ತಿಗೆ ಹೊಲದಲ್ಲಿ ಸೋರುತ್ತದೆ. ಗೋಡೆಗೆಂದೇ ಪ್ಲಾಸ್ಟಿಕ್ ನಾಜಲ್ಲಿನ ಸಣ್ಣ ಪಂಪು ಇಟ್ಟುಕೊಳ್ಳಿ, ಮಂಜಿನಂತೆ ಹಾರಿಸದೆ ದಪ್ಪ ಹನಿಯಾಗಿ ಬಿಡಿ. ಬ್ರಷ್, ರೋಲರ್ ಆದರೆ ಇನ್ನೂ ಕ್ಷೇಮ.

ಬಾಡಿಗೆಗೆ ಸಿಗುವ ಪ್ರೆಷರ್ ವಾಷರ್‌ಗೆ 40 ಡಿಗ್ರಿ ಫ್ಯಾನ್ ನಾಜಲ್ ಹಾಕಿಸಿ, ಗೋಡೆಯಿಂದ ಒಂದೂವರೆ ಅಡಿ ದೂರ ಹಿಡಿಯಿರಿ, ಪ್ರೆಷರ್ 70–80 ಬಾರ್ ದಾಟಬಾರದು. ತಿರುಗುವ ನಾಜಲ್ ಗಿಲಾವನ್ನು ಕೆತ್ತುತ್ತದೆ. ಮೊದಲು ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡಿ. ಡಬ್ ಡಬ್ ಎಂದು ಪೊಳ್ಳು ಸದ್ದು ಬಂದ ಕಡೆ ಗಿಲಾವು ಇಟ್ಟಿಗೆ ಬಿಟ್ಟಿದೆ, ಅಲ್ಲಿ ನೀರು ಹೊಡೆದರೆ ಹಲಗೆಯಂತೆ ಕಳಚಿ ಬೀಳುತ್ತದೆ. ಗೌಂಡಿಯನ್ನು ಕರೆಸಿ, ತೊಳೆಯುವುದು ಆಮೇಲೆ. ಹೊಸ ಗಿಲಾವಾದರೆ 28 ದಿನ ಯಾವ ಕೆಮಿಕಲ್ಲೂ ಬೇಡ.

ಬಟ್ಟೆಯ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಗಮ್ ಬೂಟು ಬೇಕು. ಗ್ಲೌಸಿನ ಅಂಚು ಮಡಚಿರಲಿ. ಕೈ ಎತ್ತಿದಾಗ ದ್ರಾವಣ ತೋಳಿನ ಮೇಲೆ ಇಳಿಯುವುದು ಅಲ್ಲಿಂದಲೇ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ. ಕ್ಲೋರಿನ್ ಗಾಟು ಬಂದರೆ ಬಕೆಟ್ ಬಿಟ್ಟು, ಗಾಳಿ ಬರುವ ದಿಕ್ಕಿಗೆ, ಎತ್ತರದ ಜಾಗಕ್ಕೆ ಹೋಗಿ. ಉಸಿರು ಕಟ್ಟುತ್ತಿದ್ದರೆ 108.

ಬೀದರ್ ಹಳೆ ಊರಿನ, ಕಲಬುರಗಿ ದರ್ಗಾ ಸುತ್ತಲಿನ ಗಚ್ಚಿನ ಗೋಡೆಗಳಿಗೆ ಆಸಿಡ್ ಜಾತಿಯ ಯಾವುದೂ ಬೇಡ, ಸಲ್ಫಾಮಿಕ್ ಕೂಡ. ಗಚ್ಚನ್ನು ಹಿಡಿದಿಟ್ಟಿರುವುದು ಸುಣ್ಣ ಮಾತ್ರ, ಜೊತೆಗೆ ಸಿಮೆಂಟೂ ಇಲ್ಲ. ನೀರು, ಮೆತ್ತನೆ ಬ್ರಷ್, ಪಾಚಿ ಇದ್ದರೆ 1% ಬಿಕೆಸಿ, ಅಷ್ಟೇ. ಪ್ರೆಷರ್ ವಾಷರ್ ಹತ್ತಿರ ತರಬೇಡಿ. ಸಂರಕ್ಷಿತ ಸ್ಮಾರಕಕ್ಕೆ ತಾಗಿದ ಗೋಡೆಯಾದರೆ ಪುರಾತತ್ವ ಇಲಾಖೆಯನ್ನು ಕೇಳದೆ ನೀರನ್ನೂ ಹಾಕಬೇಡಿ.

ಬೆರೆಸಿದ ಹೈಪೋ ಮಾರನೇ ದಿನಕ್ಕೆ ಇಡಬೇಡಿ, ಬಲ ಕುಗ್ಗಿರಬಹುದು. ಬೆರೆಸದ ಹೈಪೋ ಕ್ಯಾನಿನ ಮುಚ್ಚಳವನ್ನು ಬಿಗಿದು ಸೀಲ್ ಮಾಡಬೇಡಿ. ಒಳಗೆ ಅನಿಲ ಕೂಡಿ ಕ್ಯಾನ್ ಉಬ್ಬುತ್ತದೆ, ಗಾಳಿಕಿಂಡಿ ಇರುವ ಮುಚ್ಚಳವೇ ಬೇಕು. ಆಸಿಡ್ ಪುಡಿ ಮೆಟ್ಟಿಲ ಕೆಳಗಿದ್ದರೆ ಹೈಪೋ ಮನೆಯ ಇನ್ನೊಂದು ಮೂಲೆಯಲ್ಲಿರಲಿ. ಬಣ್ಣ ಹೊಡೆಯುವುದಿದ್ದರೆ ತೊಳೆದ ಗೋಡೆಗೆ ಬೇಸಿಗೆಯಲ್ಲಿ ಮೂರು ದಿನ, ಮಳೆಗಾಲದ ಬಳಿಕವಾದರೆ ಒಂದು ವಾರ ಒಣ ಬಿಸಿಲು ಕೊಡಿ.